ಏಡಿ ನಮ್ಮವನೇ ಎಂದು ದೃಢೀಕರಿಸಲಾಗಿದೆ

ಸೇಂಟ್ ಓಡೀಲ್ ದೇಶದ ವಿದೇಶಾಂಗ ಇಲಾಖೆ ಇದ್ದದ್ದು ಮೀನು ಮಾರುಕಟ್ಟೆಯ ಮೇಲಿನ ಮಹಡಿಯಲ್ಲಿ. ಕೆಳಗೆ ದಿನವಿಡೀ ಮೀನು ಕಡಿಯುವ ಸದ್ದು, ಮೇಲೆ ಜಗತ್ತಿನ ಜೊತೆ ವ್ಯವಹಾರ. ಮಧ್ಯಾಹ್ನದ ಹೊತ್ತಿಗೆ ಎರಡಕ್ಕೂ ಒಂದೇ ವಾಸನೆ ಬರುತ್ತಿತ್ತು.

ಇಲಾಖೆಯಲ್ಲಿ ಒಟ್ಟು ನಾಲ್ಕು ಜನ. ಮೊದಲನೆಯವರು ಮಂತ್ರಿಗಳು. ಅವರು ವರ್ಷದಲ್ಲಿ ಏಳು ತಿಂಗಳು ವಿಮಾನದಲ್ಲೇ ಇರುತ್ತಿದ್ದರು. ಸಮುದ್ರ ಏರುತ್ತಿದೆ, ನಮ್ಮ ದ್ವೀಪ ಮುಳುಗುತ್ತಿದೆ ಎಂದು ದೊಡ್ಡ ದೊಡ್ಡ ಹೋಟೆಲುಗಳಲ್ಲಿ ಹೇಳಿ ಬರುವುದು ಅವರ ಕೆಲಸ. ಎರಡನೆಯವರು ಕಾರ್ಯದರ್ಶಿ ಅಗಸ್ಟಿನ್ ಲಾಫೋನ್. ಮೂರನೆಯವನು ಚಾಲಕ ಓಸ್ಬರ್ಟ್. ಇಲಾಖೆಯ ಕಾರು ಹಿಂದಿನ ಚಂಡಮಾರುತದಲ್ಲಿ ಸಮುದ್ರ ಸೇರಿತ್ತು. ಚಾಲಕನ ಹುದ್ದೆ ಮಾತ್ರ ಅಲುಗಾಡದೆ ನಿಂತಿತ್ತು. ನಾಲ್ಕನೆಯವಳು ಯೂಡೋರಾ ಪ್ಲಾಸಿಡ್. ಉಳಿದ ಕೆಲಸವೆಲ್ಲ ಅವಳದು.

ಇಪ್ಪತ್ತಾರು ವರ್ಷಗಳಿಂದ ಪತ್ರ ಒಡೆಯುವವಳು ಅವಳೇ, ಉತ್ತರ ಬರೆಯುವವಳು ಅವಳೇ, ಮುದ್ರೆ ಒತ್ತುವವಳೂ ಅವಳೇ. ಮುದ್ರೆಯ ಶಾಯಿ ಒಣಗಿದರೆ ಎರಡು ಹನಿ ರಮ್ ಬಿಟ್ಟು ಅದಕ್ಕೆ ಜೀವ ಬರಿಸುವುದನ್ನೂ ಅವಳೇ ಕಂಡುಹಿಡಿದಿದ್ದಳು. ಓಡೀಲ್‌ನ ಪತ್ರಗಳಿಗೆ ಒಂದು ವಿಶೇಷ ಸುವಾಸನೆ ಇರುತ್ತದೆಂದು ಹೊರದೇಶದವರು ಹೇಳುವುದಿತ್ತು.

ಮಾರ್ಚ್ ತಿಂಗಳಲ್ಲಿ ಉತ್ತರದ ಒಂದು ದೊಡ್ಡ ದೇಶದಿಂದ ಪತ್ರ ಬಂತು. ತಮ್ಮ ಬಂದರಿನಲ್ಲಿ ಒಬ್ಬ ನಾವಿಕ ಸಿಕ್ಕಿದ್ದಾನೆ, ಜ್ವರ ಬಂದು ಆಸ್ಪತ್ರೆ ಸೇರಿದಾಗ ಹಡಗು ಅವನನ್ನು ಬಿಟ್ಟು ಹೊರಟುಹೋಗಿದೆ, ಅವನ ಪಾಸ್‌ಪೋರ್ಟು ಹಡಗಿನಲ್ಲೇ ಉಳಿದಿದೆ, ಸದ್ಯ ಬಂದರಿನ ಬಂಧನದಲ್ಲಿದ್ದಾನೆ, ಹೆಸರು ಥಿಯೋಫಿಲಸ್ ಇಗ್ನೇಷಿಯಸ್ ಬೊನೇರ್, ಊರು ಸೇಂಟ್ ಓಡೀಲ್ ಎನ್ನುತ್ತಾನೆ, ಇವನು ನಿಮ್ಮವನೇ?

ಹುಟ್ಟು ಸಾವಿನ ದಾಖಲೆ ಪುಸ್ತಕಗಳಿದ್ದ ಕಟ್ಟಡವೂ ಅದೇ ಚಂಡಮಾರುತದಲ್ಲಿ ಕಾರಿನ ಹಿಂದೆಯೇ ಹೋಗಿತ್ತು. ಅದರಿಂದ ದೇಶಕ್ಕೇನೂ ಅಡಚಣೆಯಾಗಿರಲಿಲ್ಲ. ಇರುವುದು ಹನ್ನೊಂದು ಸಾವಿರ ಜನ. ಯಾರ ಬಗ್ಗೆಯಾದರೂ ತಿಳಿಯಬೇಕಾದರೆ ಯೂಡೋರಾ ಕಿಟಕಿ ತೆಗೆದು ಕೆಳಗೆ ಕೇಳುತ್ತಿದ್ದಳು. ಕಡತಗಳಲ್ಲಿ ಇದಕ್ಕೆ ಸಮಗ್ರ ವಿಚಾರಣೆ ಎಂದು ಹೆಸರು.

"ಕ್ಲೋಟೀಲ್, ಥಿಯೋಫಿಲಸ್ ಇಗ್ನೇಷಿಯಸ್ ಬೊನೇರ್ ಅಂತ ಯಾರಾದ್ರೂ ಗೊತ್ತೇನೆ?"

ಮೀನು ಮಾರುವ ಕ್ಲೋಟೀಲ್ ಕೈಯಲ್ಲಿದ್ದ ಮೀನಿನ ತಲೆ ಕತ್ತರಿಸಿ ಬದಿಗಿಟ್ಟಳು. "ಯಾರೋ ಪೋಪ್ ಇರ್ಬೇಕು."

"ನಮ್ಮೂರವನಂತೆ ಕಣೆ. ಹಡಗಲ್ಲಿ ಕೆಲಸವಂತೆ."

"ಅಷ್ಟುದ್ದ ಹೆಸರಿಟ್ಕೊಂಡು ಹಡಗಲ್ಲಿ ಯಾರು ಕೆಲಸ ಮಾಡ್ತಾರೆ? ಕೂಗಿ ಮುಗಿಸೋದ್ರೊಳಗೆ ಹಡಗು ಮುಳುಗಿರುತ್ತೆ. ನಾನೇ ಬೊನೇರ್ ಮನೆತನದವಳು, ನಮ್ಮಲ್ಲಿ ಅಂಥವನು ಯಾರೂ ಇಲ್ಲ."

ಸುತ್ತಲಿನ ಏಳೆಂಟು ಹೆಂಗಸರೂ ತಲೆಯಾಡಿಸಿದರು. ವಿಚಾರಣೆ ಮುಗಿಯಿತು.

ಸಾಧಾರಣವಾಗಿ ಇಲಾಖೆ ಒಂದು ಪತ್ರಕ್ಕೆ ಉತ್ತರ ಕೊಡಲು ಐದು ತಿಂಗಳು ತೆಗೆದುಕೊಳ್ಳುತ್ತಿತ್ತು. ಬೇಗ ಉತ್ತರಿಸಿದರೆ ಬೇರೆ ಕೆಲಸವಿಲ್ಲವೆಂದು ತಿಳಿಯುತ್ತಾರೆ ಎಂಬುದು ಅಗಸ್ಟಿನ್ನರ ವಾದ. ಆದರೆ ಈ ಪತ್ರಕ್ಕೆ ನಲವತ್ತು ನಿಮಿಷ ಸಾಕಾಯಿತು. ಅದಕ್ಕೆ ಕಾರಣವಿತ್ತು. ಅಗಸ್ಟಿನ್ ಅದೇ ದೊಡ್ಡ ದೇಶಕ್ಕೆ ರಾಯಭಾರಿಯಾಗಿ ಹೋಗುವವರಿದ್ದರು. ಅವರನ್ನು ಬರಮಾಡಿಕೊಳ್ಳಲು ನಮ್ಮ ಅಭ್ಯಂತರವಿಲ್ಲ ಎಂಬ ಸಮ್ಮತಿ ಪತ್ರ ಮಾತ್ರ ಅಲ್ಲಿಂದ ಬರಬೇಕಿತ್ತು. ಹನ್ನೊಂದು ತಿಂಗಳು ಲಂಡನ್ನಿನಲ್ಲಿ ಓದಿಬಂದಿದ್ದ ಅವರು ಅಲ್ಲಿನ ಚಳಿಗೆಂದು ಹೊಲಿಸಿದ್ದ ಕೋಟನ್ನು ಅಭ್ಯಾಸ ತಪ್ಪಬಾರದೆಂದು ಫ್ಯಾನಿನ ಕೆಳಗೆ ಕೂತು ಧರಿಸುತ್ತಿದ್ದರು.

"ಈ ಹೆಸರಿನ ವ್ಯಕ್ತಿಯನ್ನು ಸೇಂಟ್ ಓಡೀಲ್ ದೇಶವು ಅರಿಯದು" ಎಂದು ಅವರು ಬರೆಸಿದರು. ವಾಕ್ಯ ಅವರಿಗೆ ಎಷ್ಟು ಹಿಡಿಸಿತೆಂದರೆ ಎರಡು ಸಲ ಗಟ್ಟಿಯಾಗಿ ಓದಿಕೊಂಡರು. ಯೂಡೋರಾ ಟೈಪ್ ಮಾಡಿ ಮುದ್ರೆ ಒತ್ತಿದಳು.

ಒಂಬತ್ತು ದಿನದ ಮೇಲೆ ಮಾ ಝೇಲಿ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಮರಗೆಣಸಿನ ರೊಟ್ಟಿ. ಯೂಡೋರಾಳ ಊರಿನವಳೇ, ಎಪ್ಪತ್ತು ದಾಟಿದ ಹೆಂಗಸು. ಇಲಾಖೆಯ ಬೆಂಚಿನ ತುದಿಯಲ್ಲಿ ಅದು ಒಡೆದೀತೇನೋ ಎಂಬಂತೆ ಕೂತಳು.

"ಯೂಡೋರಾ ಮಗಳೇ, ನೀನು ಹೊರದೇಶದವ್ರ ಹತ್ರ ಎಲ್ಲ ಮಾತಾಡ್ತೀಯಂತೆ. ನನ್ನ ಮಗ ಏಡಿ ಸುದ್ದಿ ಒಂಚೂರು ಕೇಳ್ತೀಯಾ? ಏಳು ಭಾನುವಾರ ಆಯ್ತು, ಫೋನಿಲ್ಲ."

ಏಡಿಯನ್ನು ಅರಿಯದವರು ದ್ವೀಪದಲ್ಲಿ ಯಾರಿದ್ದರು? ಐದು ವರ್ಷದವನಿದ್ದಾಗ ಈಸ್ಟರ್ ಪೂಜೆಯ ನಡುವೆ, ಕಾಲ್ಬೆರಳು ಕಚ್ಚಿ ಹಿಡಿದ ಏಡಿಯನ್ನು ಎಳೆದುಕೊಂಡೇ ಚರ್ಚಿನ ನಡುದಾರಿಯಲ್ಲಿ ನಡೆದುಬಂದು, ಅಳದೆ ಅಮ್ಮನ ಪಕ್ಕ ಕೂತವನು ಅವನು. ಚಂಡಮಾರುತದ ಮಾರನೆಯ ದಿನ ತನ್ನ ಮನೆಗೆ ಸೂರಿಲ್ಲದಿದ್ದರೂ ಮೊದಲು ಯೂಡೋರಾಳ ಮನೆಯ ತಗಡು ಬಡಿದುಕೊಟ್ಟವನೂ ಅವನೇ. ಬಾಯಿ ತುಂಬ ಮೊಳೆ ಕಚ್ಚಿಕೊಂಡು, ಅವಳು ಕೊಟ್ಟ ಕಾಫಿ ಬೇಡವೆಂದು ಕೈಸನ್ನೆ ಮಾಡಿದ್ದು ಅವಳಿಗಿನ್ನೂ ನೆನಪಿತ್ತು.

"ಕೇಳೋಣಮ್ಮ, ಅದಕ್ಕೇನಂತೆ. ಅವನ ಪೂರ್ತಿ ಹೆಸರು ಹೇಳಿ."

"ಏಡಿ."

"ಅದಲ್ಲ ಮಾ ಝೇಲಿ. ಪಾದ್ರಿ ನೀರು ಹಾಕಿ ಇಟ್ಟಿದ್ದು."

ಮುದುಕಿಗೆ ನಾಚಿಕೆಯಾಯಿತು. "ಅದೇನೋ ದೊಡ್ಡದು ಕಣಮ್ಮ. ನನ್ನ ಗಂಡ ಆರಿಸಿದ್ದು. ನಾನು ಒಂದ್ಸಲಾನೂ ಹಾಗೆ ಕರ್ದಿಲ್ಲ. ಕರೆದಿದ್ರೆ ಅವನು ಹಿಂದೆ ಯಾರಿದಾರೆ ಅಂತ ತಿರುಗಿ ನೋಡ್ತಿದ್ದ."

ದ್ವೀಪದಲ್ಲಿ ಎಲ್ಲರ ಪಾಡೂ ಇದೇ. ಪಾದ್ರಿ ಇಟ್ಟ ಹೆಸರು ತೊಟ್ಟಿಲಿನ ಹತ್ತಿರ ಒಮ್ಮೆ, ಶವಪೆಟ್ಟಿಗೆಯ ಹತ್ತಿರ ಒಮ್ಮೆ ಕೇಳಿಸುತ್ತದೆ. ನಡುವಿನ ಬದುಕೆಲ್ಲ ಊರು ಇಟ್ಟ ಹೆಸರಿನಲ್ಲೇ ಕಳೆಯುತ್ತದೆ.

ಮಾ ಝೇಲಿ ಪ್ರಾರ್ಥನೆ ಪುಸ್ತಕದೊಳಗಿಂದ ಹಳದಿಯಾದ ಜ್ಞಾನಸ್ನಾನದ ಚೀಟಿ ತೆಗೆದಳು. ಯೂಡೋರಾ ಓದಿದಳು. ಥಿಯೋಫಿಲಸ್ ಇಗ್ನೇಷಿಯಸ್ ಬೊನೇರ್. ಇನ್ನೊಮ್ಮೆ ಓದಿದಳು, ಹೆಸರು ಬದಲಾಗಲಿಲ್ಲ. ಕೆಳಗೆ ಕ್ಲೋಟೀಲ್, ಅಂದರೆ ಏಡಿಯ ಸ್ವಂತ ಸೋದರತ್ತೆ, ಸತ್ತ ಮೀನಿನಂತಿದೆ ನಿನ್ನ ಮುಖ ಎಂದು ಯಾರನ್ನೋ ಬೈಯುತ್ತಿದ್ದಳು.

ಯೂಡೋರಾ ಸುಳ್ಳು ಹೇಳಲಿಲ್ಲ. "ಅವನು ಬದುಕಿದಾನೆ ಮಾ ಝೇಲಿ. ಉತ್ತರದ ಬಂದರಲ್ಲಿ ಹಿಡಿದಿಟ್ಕೊಂಡಿದಾರೆ. ನಮ್ಮವನು ಹೌದಾ ಅಂತ ಕೇಳಿದ್ರು. ಅಲ್ಲ ಅಂತ ಹೇಳಿದ್ದು ನಾನೇ."

ಮುದುಕಿ ರೊಟ್ಟಿಯ ಪೊಟ್ಟಣವನ್ನು ಮೇಜಿನ ಮೇಲೆ ಅವಳ ಕಡೆಗೆ ಸರಿಸಿದಳು. "ತಿನ್ನು. ತಿಂದು, ಹೌದು ಅಂತ ಬರಿ."

ಬೈದಿದ್ದರೆ ಯೂಡೋರಾಳಿಗೆ ಸುಲಭವಾಗುತ್ತಿತ್ತು.

ಅವಳು ನೇರವಾಗಿ ಕಾರ್ಯದರ್ಶಿಗಳ ಕೋಣೆಗೆ ಹೋದಳು. ಅಗಸ್ಟಿನ್ ಎಲ್ಲವನ್ನೂ ಕೇಳಿ ಕೋಟಿನ ಗುಂಡಿ ಹಾಕಿಕೊಂಡರು. ಕಷ್ಟದ ಸಮಯದಲ್ಲಿ ಅವರು ಹಾಗೆಯೇ ಮಾಡುತ್ತಿದ್ದರು.

"ಒಂದು ದೇಶ ಒಂಬತ್ತೇ ದಿನದಲ್ಲಿ ಮಾತು ಬದಲಾಯಿಸೋಕಾಗಲ್ಲ, ಮಿಸ್ ಯೂಡೋರಾ."

"ಎಷ್ಟು ದಿನ ಬಿಟ್ಟು ಬದಲಾಯಿಸ್ಬಹುದು ಸರ್?"

"ದೇಶ ಮಾತು ಬದಲಾಯಿಸೋದೇ ಇಲ್ಲ. ನಿಲುವನ್ನ ವಿಸ್ತರಿಸುತ್ತೆ."

"ಹಂಗಾದ್ರೆ ಏಡಿ ಹಿಡಿಯೋಷ್ಟು ವಿಸ್ತರಿಸಿ."

ಅಗಸ್ಟಿನ್ ವಿಸ್ತರಿಸಿದರು. "ಸದರಿ ವಿಷಯದಲ್ಲಿ ಕೆಲವು ಹೊಸ ಅಂಶಗಳು ಗಮನಕ್ಕೆ ಬರುವ ಸಾಧ್ಯತೆಯನ್ನು ಸಂಪೂರ್ಣವಾಗಿ ತಳ್ಳಿಹಾಕಲಾಗದು" ಎಂದು ಪತ್ರ ಹೋಯಿತು. ಯೂಡೋರಾ ಅದನ್ನು ಮೂರು ಸಲ ಓದಿದಳು. ಅದರಲ್ಲಿ ಏಡಿ ಎಲ್ಲಿದ್ದಾನೆಂದು ಅವಳಿಗೆ ಕಾಣಿಸಲಿಲ್ಲ.

ಅಲ್ಲಿಯವರಿಗೂ ಕಾಣಿಸಲಿಲ್ಲ. ಮುಂದಿನ ಮಂಗಳವಾರ ಉತ್ತರ ಬಂತು. ನಿಮ್ಮ ಎರಡು ಪತ್ರಗಳು ಒಂದಕ್ಕೊಂದು ಹೊಂದುವುದಿಲ್ಲ. ಆದ್ದರಿಂದ ಆ ವ್ಯಕ್ತಿಯ ಪರೀಕ್ಷೆಗಾಗಿ ನಾವೇ ಮೂರು ಪ್ರಶ್ನೆ ಕೇಳಿದೆವು. ನಿಮ್ಮ ಪ್ರಧಾನಿ ಯಾರು ಎಂದದ್ದಕ್ಕೆ ಸೋಡಾ ಡಾಕ್ಟರ್ ಎಂದ. ನಿಮ್ಮ ವಿದೇಶಾಂಗ ಇಲಾಖೆ ನಡೆಸುವವರು ಯಾರು ಎಂದದ್ದಕ್ಕೆ ಜೀಗುಜ್ಜೆ ಎಂದ. ಮನೆಯ ವಿಳಾಸ ಕೇಳಿದ್ದಕ್ಕೆ, ಬಿದ್ದ ಮಾವಿನಮರ ದಾಟಿ ಮಾ ಝೇಲಿ ಮನೆ ಯಾವುದು ಅಂತ ಕೇಳಿ ಎಂದ. ನಿಮ್ಮ ಸರ್ಕಾರದ ಅಧಿಕೃತ ಪಟ್ಟಿಯಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಈತ ನಿಮ್ಮ ದೇಶವನ್ನು ಕಣ್ಣಿಂದಲೂ ಕಂಡಿಲ್ಲವೆಂಬುದು ಸ್ಪಷ್ಟ. ಶುಕ್ರವಾರ ಎರಡು ಗಂಟೆಯೊಳಗೆ ಈ ಮೂರೂ ಉತ್ತರಗಳು ಸರಿಯೆಂದು ನಿಮ್ಮ ಸರ್ಕಾರ ಲಿಖಿತವಾಗಿ ದೃಢೀಕರಿಸದಿದ್ದರೆ, ಶನಿವಾರದ ವಿಮಾನದಲ್ಲಿ ಅವನನ್ನು ಯಾವ ದೇಶಕ್ಕೂ ಸೇರದವರ ಶಿಬಿರಕ್ಕೆ ಕಳಿಸಲಾಗುವುದು. ಅಲ್ಲಿ ಒಂದು ಕಡತ ತೆರೆಯಲು ಸರಾಸರಿ ನಾಲ್ಕು ವರ್ಷ ಹಿಡಿಯುತ್ತದೆ.

ಮೂರಕ್ಕೆ ಮೂರೂ ಸರಿ, ಪೂರ್ತಿ ಅಂಕ ಕೊಡಬೇಕು ಎಂದುಕೊಂಡಳು ಯೂಡೋರಾ. ಆದರೆ ಎರಡನೆಯ ಉತ್ತರದ ಹತ್ತಿರ ಅವಳ ಕಣ್ಣು ನಿಂತಿತು.

ಅಗಸ್ಟಿನ್ ಲಾಫೋನ್ ಒಂಬತ್ತು ವರ್ಷದ ಹುಡುಗನಾಗಿದ್ದಾಗ, ಹನ್ನೆರಡು ವರ್ಷಕ್ಕೊಮ್ಮೆ ದ್ವೀಪಕ್ಕೆ ಬರುವ ಬಿಷಪ್ ಮೆರವಣಿಗೆಯಲ್ಲಿ ಬರುತ್ತಿದ್ದರು. ಅದೇ ಹೊತ್ತಿಗೆ ಪಾದ್ರಿಯ ತೋಟದ ಮರ ಹತ್ತಿ ಪುಟ್ಟ ಹಲಸಿನಂಥ ಜೀಗುಜ್ಜೆ ಕದಿಯುತ್ತಿದ್ದ ಅಗಸ್ಟಿನ್, ಕಾಯಿ ಸಮೇತ ಬಿಷಪ್ಪರ ಕೊಡೆಯ ಮೇಲೆ ಬಿದ್ದಿದ್ದ. ಆವತ್ತು ಅಂಟಿದ ಹೆಸರು ಲಂಡನ್ನಿನ ಓದಿಗೂ ಹೋಗಲಿಲ್ಲ, ಕೋಟಿನೊಳಗೂ ಮುಚ್ಚಿಕೊಳ್ಳಲಿಲ್ಲ. ಇಲಾಖೆಯಲ್ಲಿ ಮಾತ್ರ ಆ ಪದ ನಿಷಿದ್ಧ. ಓಸ್ಬರ್ಟ್ ಮಧ್ಯಾಹ್ನ ಕೆಂಡದಲ್ಲಿ ಸುಟ್ಟ ಜೀಗುಜ್ಜೆಯನ್ನು ಉಪ್ಪುಮೀನಿನ ಜೊತೆ ತಿನ್ನುವಾಗಲೂ ಅದನ್ನು "ಆ ಕಾಯಿ" ಎನ್ನುತ್ತಿದ್ದ.

ಪತ್ರ ಓದಿದ ಅಗಸ್ಟಿನ್ನರ ಕಿವಿ ಕೆಂಪಾಯಿತು.

"ಮೊದಲ್ನೇದು, ಮೂರನೇದು ದೃಢೀಕರಿಸಿ. ಎರಡನೇದು ಬಿಟ್ಬಿಡಿ."

"ಒಂದು ಬಿಟ್ರೆ ಅವನು ಸುಳ್ಳುಗಾರ ಆಗ್ತಾನೆ ಸರ್. ಮೂರೂ ಬೇಕು ಅಂದಿದಾರೆ."

"ಪ್ರಧಾನಿಗಳು ಒಪ್ತಾರೇನ್ರೀ, ತಮ್ಮನ್ನ ಸೋಡಾ ಡಾಕ್ಟರ್ ಅಂತ ಬರೆದ್ರೆ?"

"ಆಗ್ಲೇ ಫೋನ್ ಮಾಡಿ ಕೇಳ್ದೆ. ಧಾರಾಳವಾಗಿ ಬರೀ, ಜನ ನನಗೆ ವೋಟು ಹಾಕೋದೇ ಆ ಹೆಸರಿಗೆ ಅಂದ್ರು."

ಪ್ರಧಾನಿಗಳು ವೈದ್ಯರಾಗಿದ್ದ ಕಾಲದಲ್ಲಿ ಹೊಟ್ಟೆನೋವಿಗೂ ಕಾಲುನೋವಿಗೂ ಅಡಿಗೆ ಸೋಡಾ ಒಂದನ್ನೇ ಕೊಡುತ್ತಿದ್ದರು. ಈಗ ದೇಶಕ್ಕೂ ಹೆಚ್ಚು ಕಡಿಮೆ ಅದನ್ನೇ ಕೊಡುತ್ತಿದ್ದರು.

ಅಗಸ್ಟಿನ್ ಎದ್ದು ಕಿಟಕಿಯ ಹತ್ತಿರ ನಿಂತರು. "ನೀವೇ ಯೋಚನೆ ಮಾಡಿ. ನಾಳೆ ಆ ದೇಶಕ್ಕೆ ರಾಯಭಾರಿಯಾಗಿ ಹೋಗ್ಬೇಕಾದವನು ನಾನು. ನನ್ನ ಸಮ್ಮತಿ ಪತ್ರ ಅವರ ಮೇಜಿನ ಮೇಲಿದೆ. ಅದರ ಪಕ್ಕಕ್ಕೆ, ನಾನೇ ಜೀಗುಜ್ಜೆ ಅಂತ ನನ್ನದೇ ಸಹಿ ಹಾಕಿ ಇನ್ನೊಂದು ಪತ್ರ ಕಳಿಸ್ಲಾ? ಅಧ್ಯಕ್ಷರ ಔತಣಕ್ಕೆ ಹೋದ್ರೆ ಬಾಗಿಲಲ್ಲಿ ಏನಂತ ಕೂಗ್ತಾರೆ?"

ಈ ಮನುಷ್ಯನಿಗೆ ಯಾವ ಹೊತ್ತಿನಲ್ಲಿ ಮಾತು ಕಿವಿಗೆ ಬೀಳುತ್ತದೆಂದು ಯೂಡೋರಾಳಿಗೆ ಗೊತ್ತಿತ್ತು. ಇದು ಆ ಹೊತ್ತಲ್ಲ. ಅವಳು ತನ್ನ ಮೇಜಿಗೆ ಹೋಗಿ ಕರಡೊಂದನ್ನು ಬರೆದಳು, ಹರಿದಳು, ಮತ್ತೆ ಬರೆದಳು. ಬುಧವಾರ ಮಾ ಝೇಲಿ ಬಂದು ಬೆಂಚಿನ ಮೇಲೆ ಕೂತಳು. ಗುರುವಾರವೂ ಕೂತಳು. ಏನೂ ಕೇಳಲಿಲ್ಲ. ಅಗಸ್ಟಿನ್ ಅವಳ ಮುಂದೆ ಹಾದುಹೋಗಬೇಕಾಗುತ್ತದೆಂದು ಎರಡು ದಿನ ಹಿಂದಿನ ಮೆಟ್ಟಿಲಿನಿಂದ, ಮೀನಿನ ಕಸದ ಬುಟ್ಟಿಗಳ ನಡುವೆ, ಕೋಟು ಎತ್ತಿಕೊಂಡು ಬಂದರು.

ಶುಕ್ರವಾರ ಹನ್ನೆರಡೂವರೆಗೆ ಯೂಡೋರಾ ಕರಡು ಹಿಡಿದು ಅವರ ಕೋಣೆಗೆ ಹೋದಳು. ಹೋದವಳು ಕಿಟಕಿ ಪೂರ್ತಿ ತೆಗೆದಳು. ಕೆಳಗೆ ಕತ್ತಿಗಳ ಸದ್ದು ಒಮ್ಮೆಲೇ ನಿಂತಿತು. ಮಾರುಕಟ್ಟೆಯ ರೇಡಿಯೋದಲ್ಲಿ ಸಾವಿನ ಸುದ್ದಿ ಓದುವ ಹೊತ್ತು ಅದು. ಆ ಹತ್ತು ನಿಮಿಷ ದ್ವೀಪದಲ್ಲಿ ಯಾರೂ ಏನನ್ನೂ ಕತ್ತರಿಸುವುದಿಲ್ಲ.

"ಮೊರ್ನ್ ಸೆಕ್ ಊರಿನ ಶ್ರೀಮತಿ ಹೆನ್ರಿಯೆಟ್ ಅಲ್ಸೀಡ್," ಎಂದಿತು ರೇಡಿಯೋ. ಕೆಳಗೆ ಯಾರೂ ಅಲುಗಲಿಲ್ಲ. "ಎಲ್ಲರಿಗೂ ಬೆಣ್ಣೆಯಮ್ಮ ಎಂದೇ ಪರಿಚಿತರಾದವರು..."

"ಅಯ್ಯೋ, ಬೆಣ್ಣೆಯಮ್ಮ ಹೋದ್ಲಾ," ಎಂದು ಹತ್ತು ದನಿಗಳು ಒಟ್ಟಿಗೆ ಎದ್ದವು. ಯಾರೋ ಅಳತೊಡಗಿದರು.

ಅಗಸ್ಟಿನ್ ಕಿಟಕಿ ಮುಚ್ಚಲು ಎದ್ದರು. ಯೂಡೋರಾ ಅಡ್ಡ ನಿಂತಿದ್ದಳು.

"ಹೋದ ವರ್ಷ ನಿಮ್ಮ ತಂದೆಯವ್ರ ಸುದ್ದಿ ಇದೇ ರೇಡಿಯೋದಲ್ಲಿ ಬಂತು ಸರ್."

ಅಗಸ್ಟಿನ್ ಮತ್ತೆ ಕುರ್ಚಿಗೆ ಹೋಗಿ ಕೂತರು.

"ಶ್ರೀ ಸೆರಾಫಿನ್ ಲಾಫೋನ್ ಅಂತಷ್ಟೇ ಓದಿಸಿದ್ರಿ. ಇನ್ನೊಂದು ಹೆಸರು ಬೇಡ, ಮರ್ಯಾದೆ ಅಲ್ಲ ಅಂದ್ರಿ. ನಾನು ಇಲ್ಲೇ ಕೂತು ಕೇಳಿಸ್ಕೊಂಡೆ. ಪಾಪ, ಯಾರೋ ಬೇರೆ ಲಾಫೋನ್ ಅಂದ್ಕೊಂಡು ಟೈಪ್ ಮಾಡ್ತಾ ಇದ್ದೆ."

ಸೆರಾಫಿನ್ ಲಾಫೋನರನ್ನು ಇಡೀ ಕೊಲ್ಲಿ ಬಲ್ಲದ್ದು ಶಂಖಜ್ಜ ಎಂದು. ಮೀನಿನ ಹಿಂಡು ಬಂದಾಗ ಬಂಡೆಯ ಮೇಲೆ ನಿಂತು ಶಂಖ ಊದಿ ಜನರನ್ನು ಬಲೆಗೆ ಕರೆಯುತ್ತಿದ್ದವರು, ಐವತ್ತು ವರ್ಷ. ಆ ಸದ್ದಿಗೆ ಊಟ ಬಿಟ್ಟು ಓಡಿಹೋಗದ ಮನೆ ಇರಲಿಲ್ಲ. ಅವರ ಮಣ್ಣಿಗೆ ಬಂದವರು ಹನ್ನೊಂದು ಜನ. ಅದರಲ್ಲಿ ನಾಲ್ವರು ಗುಂಡಿ ತೋಡಲು ಬಂದವರು, ಒಬ್ಬರು ಪಾದ್ರಿ. ಸಂಜೆ ಸತ್ತದ್ದು ಯಾರೆಂದು ತಿಳಿದ ಮೇಲೆ ಊರಿಗೆ ಊರೇ ಅಗಸ್ಟಿನ್ನರ ಅಂಗಳಕ್ಕೆ ಬಂದು ನಿಂತಿತ್ತು. ಯಾರೂ ಸಮಾಧಾನ ಹೇಳಲಿಲ್ಲ. ಕ್ಲೋಟೀಲ್ ಒಬ್ಬಳೇ ಮುಂದೆ ಬಂದು, "ಶಂಖಜ್ಜನ್ನ ಕದ್ದು ಹೂತ್ಬಿಟ್ಯಲ್ಲೋ" ಎಂದಿದ್ದಳು.

"ಆವತ್ತು ನಾವು ಹನ್ನೊಂದು ಸಾವಿರ ಜನವೂ, ಈ ಹೆಸರಿನ ವ್ಯಕ್ತಿಯನ್ನು ಅರಿಯೆವು ಅಂದ್ವಿ ಸರ್," ಎಂದಳು ಯೂಡೋರಾ. "ನಿಮ್ಮ ತಂದೆಗೇನೂ ಆಗ್ಲಿಲ್ಲ, ಅವರು ಸತ್ತಿದ್ರು. ಏಡಿ ಬದುಕಿದಾನೆ. ಅವನ ತಾಯಿ ಆಚೆ ಬೆಂಚಿನ ಮೇಲಿದಾಳೆ."

ಫ್ಯಾನು ಕಿರುಗುಟ್ಟುತ್ತ ತಿರುಗಿತು. ಕೆಳಗೆ ಒಂದೊಂದಾಗಿ ಕತ್ತಿಗಳು ಮತ್ತೆ ಶುರುವಾದವು. ಅಗಸ್ಟಿನ್ ಕೋಟಿನ ಗುಂಡಿ ಬಿಚ್ಚಿದರು. ಇಪ್ಪತ್ತಾರು ವರ್ಷದಲ್ಲಿ ಕಚೇರಿಯಲ್ಲಿ ಅವರು ಹಾಗೆ ಮಾಡಿದ್ದನ್ನು ಯೂಡೋರಾ ಕಂಡಿರಲಿಲ್ಲ.

"ಮೊದಲ್ನೇ ಪತ್ರ ತಪ್ಪು ಅಂತ ಮಾತ್ರ ಬರೆಯೋಕಾಗಲ್ಲ," ಎಂದರು ಸಣ್ಣಗೆ.

"ಬರೀಬೇಡಿ. ಅದು ಸರಿಯಾಗೇ ಇದೆ." ಅವಳು ಕರಡನ್ನು ಮುಂದಿಟ್ಟಳು.

ಅದರಲ್ಲಿ ಹೀಗಿತ್ತು: "ನಮ್ಮ ಮೊದಲನೆಯ ಪತ್ರಕ್ಕೆ ನಾವು ಈಗಲೂ ಬದ್ಧರು. ಥಿಯೋಫಿಲಸ್ ಇಗ್ನೇಷಿಯಸ್ ಬೊನೇರ್ ಎಂಬುವವನನ್ನು ಈ ದೇಶದಲ್ಲಿ ಯಾರೂ ಅರಿಯರು. ಅವನ ತಾಯಿಯೂ ಚೀಟಿ ನೋಡಿಯೇ ಹೇಳಬೇಕಾಯಿತು. ತಮ್ಮ ಬಳಿ ಇರುವವನು ಏಡಿ. ಏಡಿಯನ್ನು ಇಲ್ಲಿ ಅರಿಯದವರಿಲ್ಲ. ಪ್ರಧಾನಿಗಳು ಸೋಡಾ ಡಾಕ್ಟರ್ ಎಂಬುದು ಸರಿ. ಹೇಳಿದ ವಿಳಾಸಕ್ಕೆ ಕಾಗದ ಹಾಕಿದರೆ ಮಾರನೆಯ ದಿನ ತಲುಪುತ್ತದೆ. ಅಧಿಕೃತ ಪಟ್ಟಿಯಲ್ಲಿರುವ ವಿಳಾಸಕ್ಕೆ ಹಾಕಿದರೆ ತಲುಪುವುದಿಲ್ಲ. ವಿದೇಶಾಂಗ ಇಲಾಖೆಯ ಕಾರ್ಯದರ್ಶಿ ಜೀಗುಜ್ಜೆ ಎಂಬುದೂ ಸರಿ. ಸ್ವತಃ ಅವರೇ ಕೆಳಗೆ ಸಹಿ ಮಾಡಿದ್ದಾರೆ. ಏಡಿ ನಮ್ಮವನೇ ಎಂದು ಈ ಮೂಲಕ ದೃಢೀಕರಿಸಲಾಗಿದೆ."

ಅಗಸ್ಟಿನ್ ಓದಿದರು. ಒಂದು ಅಲ್ಪವಿರಾಮ ಸೇರಿಸಿದರು, ಯಾಕೆಂದರೆ ಏನನ್ನೂ ಸೇರಿಸದೆ ಸಹಿ ಮಾಡಿದರೆ ಕಾರ್ಯದರ್ಶಿ ಇದ್ದೂ ಏನು ಪ್ರಯೋಜನ? ಆಮೇಲೆ ತಮ್ಮ ಉದ್ದನೆಯ ಹೆಸರು ಬರೆದರು. ಅದರ ಕೆಳಗೆ, ಇರುವೆಯ ಸಾಲಿನಂತೆ, ಇನ್ನೇನೋ ಬರೆದರು.

ಯೂಡೋರಾ ಕನ್ನಡಕ ಸರಿಮಾಡಿಕೊಂಡು ನೋಡಿದಳು. "ಕಾಣೋ ಹಾಗೆ ಬರೀರಿ ಸರ್."

ಅವರು ಕಾಣುವ ಹಾಗೆ ಬರೆದರು. ಅವಳು ಮುದ್ರೆಗೆ ಎರಡು ಹನಿಯ ಬದಲು ಮೂರು ಹನಿ ರಮ್ ಬಿಟ್ಟು ಒತ್ತಿದಳು. ಒಂದು ಗಂಟೆ ಇಪ್ಪತ್ತಕ್ಕೆ ಪತ್ರ ಫ್ಯಾಕ್ಸಿನಲ್ಲಿ ಹೊರಟಿತು, ಒಂದೂವರೆಗೆ ತಲುಪಿತೆಂದು ಚೀಟಿ ಬಂತು. ಆ ಚೀಟಿಯನ್ನು ಅವಳು ಮಾ ಝೇಲಿಯ ಪ್ರಾರ್ಥನೆ ಪುಸ್ತಕದಲ್ಲಿ ಜ್ಞಾನಸ್ನಾನದ ಚೀಟಿಯ ಪಕ್ಕಕ್ಕಿಟ್ಟಳು.

ಹನ್ನೆರಡು ದಿನದ ಮೇಲೆ ಏಡಿ ವಿಮಾನದಿಂದಿಳಿದ. ಹತ್ತು ಕೆ.ಜಿ. ಕಳೆದುಕೊಂಡಿದ್ದ, ಯಾರದೋ ದಪ್ಪ ಉಣ್ಣೆ ಅಂಗಿ ತೊಟ್ಟಿದ್ದ. ಅವನ ಪ್ರಯಾಣದ ಕಾಗದದಲ್ಲಿ ಹೆಸರು ಏಡಿ ಎಂದಷ್ಟೇ ಇತ್ತು. ವಿಮಾನ ನಿಲ್ದಾಣದ ಅಧಿಕಾರಿ ಅದನ್ನು ನೋಡಿ, ಈ ಸಲವಾದರೂ ಸರಿಯಾಗಿ ಬರೆದಿದ್ದಾರೆ ಎಂದು ಠಸ್ಸೆ ಒತ್ತಿ ಬಿಟ್ಟ. ಕ್ಲೋಟೀಲ್ ಅವನ ಬೆನ್ನಿಗೊಂದು ಗುದ್ದಿ, "ಯಾವನೋ ಪೋಪ್ ಅಂದ್ಕೊಂಡೆ ಕಣೋ, ಮೂಳ" ಎಂದು ಅತ್ತಳು.

ಅದೇ ವಾರ ಸಮ್ಮತಿ ಪತ್ರವೂ ಬಂತು. ಶ್ರೀ ಅಗಸ್ಟಿನ್ ಲಾಫೋನ್, ಜೀಗುಜ್ಜೆ ಎಂದೇ ಪರಿಚಿತರಾದವರು, ತಮ್ಮ ದೇಶಕ್ಕೆ ರಾಯಭಾರಿಯಾಗಿ ಬರಲು ಅಭ್ಯಂತರವಿಲ್ಲವೆಂದು ಅಧ್ಯಕ್ಷರ ಮುದ್ರೆಯೊತ್ತಿ ಬರೆದಿದ್ದರು. ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗಹಾಕುವುದು ರೂಢಿ. ಅಗಸ್ಟಿನ್ ಎರಡು ದಿನ ಯೋಚಿಸಿ ಬೀರುವಿನ ಹಿಂದಿನ ಗೋಡೆಗೆ ತೂಗಹಾಕಿಸಿದರು. ಓಸ್ಬರ್ಟ್ ಮಾತ್ರ ಅಂದಿನಿಂದ ತನ್ನ ಊಟವನ್ನು ಹೆಸರು ಹಿಡಿದೇ ಕರೆಯತೊಡಗಿದ.

ಸೋಮವಾರ ಏಡಿ ಅಮ್ಮನ ಜೊತೆ ಇಲಾಖೆಗೆ ಬಂದ. ಯೂಡೋರಾಳ ಮೇಜಿನ ಮೇಲೆ ರೊಟ್ಟಿ ಇಟ್ಟು, ಮಾಡಿನ ತಗಡು ಸೋರುತ್ತಿದೆಯೇ ಎಂದು ಕೇಳಿದ. ಆಮೇಲೆ ಟೊಪ್ಪಿಗೆ ಕೈಯಲ್ಲಿ ಹಿಡಿದು ಕಾರ್ಯದರ್ಶಿಗಳ ಬಾಗಿಲಲ್ಲಿ ನಿಂತ.

"ಉಪಕಾರ ಆಯ್ತು ಸರ್."

ಅಗಸ್ಟಿನ್ ಕಾಗದದಿಂದ ತಲೆಯೆತ್ತಿದರು. "ಅಲ್ಲಯ್ಯಾ, ಅಷ್ಟು ದೊಡ್ಡ ಅಧಿಕಾರಿಗಳು ಕೇಳ್ತಿದಾರೆ. ನನ್ನ ಹೆಸರೇನು ಅಂತ ನಿನಗೆ ಗೊತ್ತಿರ್ಲಿಲ್ವಾ?"

"ಗೊತ್ತಿದ್ದಿದ್ದನ್ನೇ ಹೇಳ್ದೆ ಸರ್," ಎಂದ ಏಡಿ. "ನನ್ನದು ನಿಮಗೆ ಗೊತ್ತಿತ್ತಾ?"

ಅಗಸ್ಟಿನ್ ಮತ್ತೆ ಕಾಗದಕ್ಕೆ ತಲೆ ಬಗ್ಗಿಸಿದರು. ಇಲಾಖೆಯ ಕ್ರಮದ ಪ್ರಕಾರ ಉತ್ತರಕ್ಕೆ ಇನ್ನೂ ಐದು ತಿಂಗಳಿತ್ತು.